ಅಮ್ಮನ ಕಾರು ಏರು ಹತ್ತಿತು

ಶನಿವಾರ, ಮಾರ್ಚ್ ೧೪

ಗೆದ್ದೆ! ಕೈ ಇನ್ನೂ ಪೆಟ್ರೋಲ್ ವಾಸನೆ ಹೊಡೆಯುತ್ತಿದೆ, ತೊಳೆಯಲು ಮನಸ್ಸಿಲ್ಲ.

ನಾಳೆ ಬಂದು ಕಾರನ್ನು ಎಳೆದುಕೊಂಡು ಹೋಗು ಎಂದು ಅಣ್ಣ ಗುಜರಿಯವನಿಗೆ ಹೇಳಿಯಾಗಿತ್ತು. ಅಮ್ಮ ಡ್ರೈವಿಂಗ್ ಕಲಿತದ್ದೇ ಈ ಹಳೇ ಕಾರಿನಲ್ಲಿ. ಸ್ಟಾರ್ಟ್ ಮಾಡಿದರೆ ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು, ಆಕ್ಸಿಲರೇಟರ್ ಒತ್ತಿದೊಡನೆ ಕೆಮ್ಮಿ ನಿಂತುಬಿಡುತ್ತಿತ್ತು. ಕಾರ್ಬುರೇಟರ್ ತೊಳೆದೆ, ಪ್ಲಗ್ಗು, ಕಾಯಿಲ್ಲು ಬದಲಿಸಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಅದರ ಜೊತೆ ಎಷ್ಟೂಂತ ಗುದ್ದಾಡ್ತೀಯೇ, ಬಿಟ್ಬಿಡು," ಅಂದ ಅಣ್ಣ. ಅಮ್ಮ ಮಾತ್ರ ಡ್ರೈವರ್ ಸೀಟು ಬಿಟ್ಟು ಏಳಲಿಲ್ಲ.

ಮಧ್ಯಾಹ್ನ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ವೇಗ ಹೆಚ್ಚಿದಾಗ ಒಳಗೆ ಸರಿಯುವ ತಟ್ಟೆಯನ್ನು ಬೆರಳಿನಿಂದಲೇ ಸರಿಸಿ ನೋಡಿದೆ. ಅದಕ್ಕೆ ಸಿಕ್ಕಿಸಿದ್ದ ಪುಟ್ಟ ವೈರು ರಬ್ಬರಿನಂತೆ ಹಿಗ್ಗಿತು! ಮೇಲಿನ ಹೊದಿಕೆ ನೆಟ್ಟಗಿದೆ, ಒಳಗಿನ ತಂತಿ ತುಂಡಾಗಿದೆ. ತಟ್ಟೆ ಸರಿದಾಗಲೆಲ್ಲ ಆ ತುಂಡುಗಳು ದೂರವಾಗಿ ಕಿಡಿಯೇ ಹುಟ್ಟುತ್ತಿರಲಿಲ್ಲ. ಕಳ್ಳ ಸಿಕ್ಕಿಬಿದ್ದ.

ಹೊಸ ವೈರು ಬೆಸೆದು ಕೂಗಿದೆ, "ಒತ್ತಮ್ಮಾ!"

ಎಂಜಿನ್ ಗುಡುಗಿತು.

"ಇನ್ನೂ ಒತ್ಲೇನೇ?"

"ಪೂರ್ತಿ ಒತ್ತು!"

ಒಮ್ಮೆಯೂ ಕೆಮ್ಮಲಿಲ್ಲ. ಅಣ್ಣ ಬರಿಗಾಲಲ್ಲೇ ಓಡಿ ಬಂದು ಹಿಂದಿನ ಸೀಟಿಗೆ ಹತ್ತಿದ. ಆಸ್ಪತ್ರೆಯ ಹಿಂದಿನ ಏರನ್ನು ಅಮ್ಮ ಒಂದೇ ಉಸಿರಿಗೆ ಹತ್ತಿಸಿದಳು. ಮೇಲೆ ತಲುಪಿದ್ದೇ ಅಣ್ಣ ಗುಜರಿಯವನಿಗೆ ಫೋನ್ ಮಾಡಿದ.

"ನಾಳೆ ಬರ್ಬೇಡ ಕಣಪ್ಪಾ, ಗಾಡಿ ಮನೇಲಿಲ್ಲ."

ಎಲ್ಲಿ ಹೋಯಿತು ಎಂದು ಅವನು ಕೇಳಿರಬೇಕು.

"ನಮ್ಮಮ್ಮ ಓಡಿಸ್ಕೊಂಡು ಹೋಗ್ಬಿಟ್ಟಿದಾಳೆ."

ಆಮೇಲೆ ಮೂವರೂ ನಕ್ಕಿದ್ದೇ ನಕ್ಕಿದ್ದು. ಅಮ್ಮನಂತೂ ಸ್ಟೀರಿಂಗ್ ಮೇಲೆ ತಲೆಯಿಟ್ಟು... ಕಣ್ಣು ಎಳೆಯುತ್ತಿದೆ, ಸಾಕು.