ಶೂ ಕಪಾಟಿನಲ್ಲಿರುವ ಗಾಳಿ ಡಬ್ಬ

ರಿಯೋಹೇ,

ಈ ಸ್ಪೋರ್ಟ್ಸ್ ಕಾರು ತಂದ ದಿನ, ಅದರ ವಿಷಯದಲ್ಲಿ ಒಂದು ಮಾತೂ ಆಡುವುದಿಲ್ಲವೆಂದು ನಿನಗೆ ಮಾತು ಕೊಟ್ಟಿದ್ದೆ. ಮೂರು ವರ್ಷ ಬಾಯಿ ಹೊಲಿದುಕೊಂಡಿದ್ದೆ.

ನೀನು ಏಳುವ ಹೊತ್ತಿಗೆ ನಾನು ಬುತ್ತಿಯಂಗಡಿಯಲ್ಲಿರುತ್ತೇನೆ. ಮಿಸೊ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ, ಕುದಿಸಬೇಡ.

ಕಾರಿನ ಹಳೆಯ ಗಾಳಿ ಡಬ್ಬಕ್ಕಾಗಿ, ಅದೇ ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಆ ಕಪ್ಪು ಡಬ್ಬಕ್ಕಾಗಿ, ಮನೆಯೆಲ್ಲ ಜಾಲಾಡುತ್ತಿದ್ದೀಯಲ್ಲ, ಅದು ಶೂ ಕಪಾಟಿನಲ್ಲಿದೆ. ಗುಜರಿ ಅಂದುಕೊಂಡು ನಾನೇ ಲೋಹದ ಕಸದ ದಿನ ಹೊರಗಿಟ್ಟಿದ್ದೆ. ಈ ವಾರ ಬೀದಿಯ ಕಸ ನೋಡಿಕೊಳ್ಳುವ ಪಾಳಿ ಪಕ್ಕದ ಮನೆಯ ಕುವಾಬರಾ ಅಜ್ಜಿಯದು. "ಪ್ಲಾಸ್ಟಿಕ್ಕು ಇವತ್ತಲ್ಲಮ್ಮ, ಗುರುವಾರ!" ಎಂದು ಬೈದು ವಾಪಸ್ ತಂದುಕೊಟ್ಟರು. "ನಿಮ್ಮ ಹುಡುಗನ ಕಾರಿಗೇನು ನೆಗಡಿಯಾ? ಬೆಳಗಾದ್ರೆ ಗೊರಗೊರ ಅನ್ನುತ್ತೆ" ಅಂತಲೂ ಕೇಳಿದರು. ಅವರಿಗೆ ಒಂದು ಪೊಟ್ಟಣ ಸಿಹಿ ಕೊಟ್ಟು, ಸದ್ದಿಗಾಗಿ ತಲೆಬಾಗಿ ಬಾ.

ಶನಿವಾರದ ಸರ್ಕಾರಿ ತಪಾಸಣೆಗೆ ಹಳೆಯದನ್ನೇ ಕೂರಿಸು. ಕಾರು ಪಾಸಾಗದಿದ್ದರೆ ಭಾನುವಾರ ಬಿಸಿನೀರಿನ ಬುಗ್ಗೆಗೆ ಹೋದ ಹಾಗೆಯೇ! ಈ ತಿಂಗಳು ನನಗಿರುವ ರಜೆ ಅದೊಂದೇ.

ತಪಾಸಣೆ ಮುಗಿದ ಮೇಲೂ ಅದು ಕಾರಿನಲ್ಲೇ ಇರಲಿ. ಅದನ್ನು ತೆಗೆದು ಹೊಸ ಫಿಲ್ಟರು ಹಾಕಿದಾಗ "ಹತ್ತು ಕುದುರೆ ಶಕ್ತಿ ಜಾಸ್ತಿ ಆಯ್ತಮ್ಮ" ಅಂದೆ. ಆ ಕುದುರೆಗಳು ಘಾಟಿಯಲ್ಲಿ ಎಲ್ಲಿ ಮೇಯುತ್ತಿದ್ದವೋ, ಮೂಲಂಗಿ ತುಂಬಿದ ಪುಟ್ಟ ಲಾರಿ ನಮ್ಮನ್ನು ಹಿಂದೆ ಹಾಕಿತು. ಮುಚ್ಚಳವಿಲ್ಲದ ಆ ಫಿಲ್ಟರು ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ದಿನವಿಡೀ ಒಲೆಗಳ ಮುಂದೆ ನಿಲ್ಲುವವಳಿಗೆ ಗೊತ್ತು, ಬಿಸಿಗಾಳಿ ಕುಡಿದು ಯಾರೂ ಬೆಟ್ಟ ಹತ್ತಲಾರರು.

ಸದ್ದು ಮಾತ್ರ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಸುರಂಗದಲ್ಲಿ ನಾನೂ ನಕ್ಕೆ.

ಕೊಟ್ಟ ಮಾತು ಮುರಿದೆ.

ಅಮ್ಮ