ಎಣ್ಣೆಯಿಲ್ಲದ ಎಂಜಿನ್

ಅಣ್ಣನಿಗೆ,

ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನನ್ನ ಕ್ಷೇಮ ನೀನು ಕೇಳುವುದು ಬೇಡ.

ಅಮ್ಮ ಓಡಿಸಿ ನಮ್ಮಿಬ್ಬರನ್ನೂ ಸಾಕಿದ ಹಳೆಯ ಟ್ರ್ಯಾಕ್ಟರಿನ ಎಂಜಿನ್ನನ್ನು ಮಳೆಗಾಲವಿಡೀ ಶೆಡ್ಡಿನಲ್ಲಿ ಕೂತು ಬಿಚ್ಚಿ ಕಟ್ಟಿದ್ದೆ. ಪಿಸ್ಟನ್, ಬೇರಿಂಗ್ ಎಲ್ಲ ಹೊಸದು. ಎಣ್ಣೆ ತುಂಬುವುದೊಂದೇ ಬಾಕಿಯಿತ್ತು. ತರಲು ಪೇಟೆಗೆ ಹೊರಟಾಗ ನಿನಗೆ ಹೇಳಿಯೇ ಹೋದೆ: "ಇನ್ನೂ ಎಣ್ಣೆ ಹಾಕಿಲ್ಲ, ಕೀಲಿ ಮುಟ್ಬೇಡ." ನೀನು ಮೊಬೈಲಿನಿಂದ ತಲೆಯೆತ್ತದೆ "ಹೂಂ" ಅಂದೆ.

ನಾನು ಡಬ್ಬ ಹೊತ್ತು ಬರುವಷ್ಟರಲ್ಲಿ, ಗೆಳೆಯರ ಮುಂದೆ ಜಂಬ ಕೊಚ್ಚಲು ನೀನು ಎಂಜಿನ್ ಶುರು ಮಾಡಿದ್ದೆ. ಅದು ಕಿರುಚಿ, ಹೊಗೆ ಕಾರಿ, ಕಚ್ಚಿಕೊಂಡು ನಿಂತಿತ್ತು. ಅಷ್ಟಕ್ಕೇ ಮುಗಿದಿದ್ದರೆ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಆದರೆ ನೀನು ಎಲ್ಲರೆದುರು ಅಮ್ಮನಿಗೆ ಹೇಳಿದೆ: "ಹೆಂಗಸ್ರ ಕೈಗೆ ಸ್ಪ್ಯಾನರ್ ಕೊಟ್ರೆ ಇಷ್ಟೇ ಆಗೋದು." ನಿನ್ನ ಗೆಳೆಯರು ನಕ್ಕರು. ಅಮ್ಮ ನನ್ನ ಮುಖ ನೋಡಲಿಲ್ಲ. ನೀನು ಸಂಜೆಯ ಬಸ್ಸಿಗೇ ಹೊರಟುಹೋದೆ.

ನಿನ್ನೆ ಮತ್ತೆ ಬಿಚ್ಚಿದೆ. ಬೇರಿಂಗುಗಳು ಕರಗಿ, ಅವುಗಳೊಳಗೆ ತಿರುಗುವ ಶಾಫ್ಟಿಗೆ ಅಂಟಿಕೊಂಡಿವೆ. ಅಮ್ಮ ಬಂದು ಒಳಗೆಲ್ಲ ಬೆರಳಾಡಿಸಿ ನೋಡಿದಳು. "ಒಂದು ಹನಿ ಎಣ್ಣೆ ಇಲ್ವಲ್ಲೇ," ಅಂದಳು. ಎಣ್ಣೆ ಹಾಕಿಲ್ಲವೆಂದು ನಿನಗೆ ಹೇಳಿಯೇ ಹೋಗಿದ್ದೆ ಅಂದೆ. ಅವಳು ಬೆರಳು ಒರೆಸಿಕೊಂಡು, "ಅವನೇ ಬಾಯಿಬಿಟ್ಟು ಹೇಳ್ಲಿ," ಅಂದಳು.

ಭಾನುವಾರ ಬಾ. ಅದೇ ಗೆಳೆಯರನ್ನೂ ಕರೆದುಕೊಂಡು ಬಾ. ನನಗೆ ನಿನ್ನ ಕ್ಷಮಾಪಣೆ ಬೇಡ. ಅವರೆದುರು ಅಮ್ಮನಿಗೆ ನಡೆದದ್ದನ್ನು ನಡೆದ ಹಾಗೆ ಹೇಳು.

ಹಾಕಿಕೊಳ್ಳಲು ಹಳೆಯ ಬಟ್ಟೆ ತಾ. ಶಾಫ್ಟ್ ಇಳಿಸಲು ಇನ್ನೊಬ್ಬರು ಬೇಕು. ಎಲ್ಲಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ನಾನು ಹೇಳುತ್ತೇನೆ.

ನಿನ್ನ ತಂಗಿ