ಹಲಗೆಯ ಮೇಲೆ ಕೂತಿದ್ದವಳು

ಗಂಗೊಳ್ಳಿ ಎತ್ತರಕೇರಿ
ಇಸವಿ 2231, ಫೆಬ್ರವರಿ 30

ದೋಣಿ ಕಟ್ಟುವ ಜಾಗದ ಚಿತ್ರ ಬರೆಯಲಿರುವವರಿಗೆ,

ಚಿತ್ರದ ಮೂಲೆಯಲ್ಲಿ ನಿಮ್ಮ ಹೆಸರು ಮಾಸಿದೆ, ಹಾಗಾಗಿ ಹೆಸರು ಹಿಡಿದು ಕರೆಯಲಾರೆ. ಮೇಲಿನ ತಾರೀಕು ನಿಮ್ಮ ಕಾಲದಲ್ಲಿ ಇಲ್ಲ, ನಮ್ಮ ಕಾಲದಲ್ಲಿ ಇದೆ. ಮಾತೂ ವಿಚಿತ್ರವೆನಿಸಿದರೆ ಮನ್ನಿಸಿ. ಏಳನೇ ತರಗತಿಯವರೆಗೆ ಓದಿದವಳು ನಾನು. ದಿನಚರಿ ಬಿಟ್ಟು ಬೇರೇನೂ ಬರೆದು ಗೊತ್ತಿಲ್ಲ.

ನೀವು ಕೂತು ಬರೆಯುವ ಹೊಳೆದಂಡೆ ಈಗ ಸಮುದ್ರದೊಳಗಿದೆ. ನಾವಿರುವುದು ಕಂಬಗಳ ಮೇಲಿನ ಮನೆಗಳಲ್ಲಿ. ಇದನ್ನೇ ಎತ್ತರಕೇರಿ ಎನ್ನುತ್ತೇವೆ. ಗೋಡೆ ತುಂಬ ಬೆಳಕುಪಟಗಳು, ಅಂದರೆ ತಾವೇ ಬೆಳಗುವ ಚಿತ್ರಗಳು. ಉಪ್ಪು ಕೂರುವುದರಿಂದ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಉಜ್ಜುತ್ತೇವೆ. ಎಷ್ಟು ಉಜ್ಜಿದರೂ ಅವಕ್ಕೇನೂ ಆಗದು. ಕಾಗದದ ಚಿತ್ರ ಅಂತ ಕೇರಿಯಲ್ಲಿ ಇದ್ದದ್ದು ನಿಮ್ಮದೊಂದೇ, ನಮ್ಮ ಮನೆಯಲ್ಲಿ. ಕೆಲಸವಿಲ್ಲದ ದಿನದ ಮೌನ, ಅರ್ಧ ಕಟ್ಟಿದ ದೋಣಿ, ಪಕ್ಕದ ಹಲಗೆಯ ಮೇಲೆ ಹೊಳೆ ನೋಡುತ್ತ, ನಮಗೆ ಬೆನ್ನು ಹಾಕಿ ಕೂತ ಒಬ್ಬ ಹೆಂಗಸು.

ನಮ್ಮನೆಯವರು ಶೀನಪ್ಪ, ಹಾಸಿಗೆ ಹಿಡಿದ ಮೇಲೆ ಅವಳನ್ನೇ ನೋಡುತ್ತಿದ್ದರು. “ಕಾಣ್, ಅದ್ ಯಾರನ್ನೋ ಕಾಯ್ತಾ ಇತ್ತ್,” ಎಂದು ಅವಳನ್ನು ತೋರಿಸುತ್ತಿದ್ದರು.

“ಹಂಗಾರೆ ಗಂಜಿ ಕುಡ್ಸುಕೂ ಅದ್ಕೇ ಹೇಳಿ,” ಎಂದೆ ಒಮ್ಮೆ.

“ಅದ್ ಮಾತಾಡುದಿಲ್ಲ ಮಾರಾಯ್ತಿ, ಅದೇ ಚಂದ!” ಎಂದು ನಕ್ಕರು.

ತಮಾಷೆಯೇ. ಆದರೂ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಮೂವತ್ತೊಂದು ವರ್ಷ ಪಕ್ಕದಲ್ಲೇ ಇದ್ದೆ. ನನ್ನ ಬೆನ್ನನ್ನು ಅವರು ಎಂದೂ ಹಾಗೆ ನೋಡಿದ್ದಿಲ್ಲ.

ಅವರಿಗೆ ನಿದ್ದೆ ಹತ್ತಿದಾಗ ಚಿತ್ರದ ಗಾಜು ಬಿಚ್ಚಿ, ಒದ್ದೆ ಬಟ್ಟೆಯಿಂದ ಅವಳ ಬೆನ್ನನ್ನೇ ಗಟ್ಟಿಯಾಗಿ ಉಜ್ಜಿದೆ. ಸಿಟ್ಟು ತೀರಿದರೆ ಸಾಕಿತ್ತು. ನೀರುಬಣ್ಣದ ಚಿತ್ರ ಎಂದರೆ ನೀರನ್ನು ಬರೆದ ಚಿತ್ರ ಎಂದೇ ತಿಳಿದಿದ್ದೆ. ನೀರಿಗೆ ಕರಗುವ ಚಿತ್ರವೆಂದು ಯಾರೂ ಹೇಳಿರಲಿಲ್ಲ. ಅವಳು ಬಟ್ಟೆಗೆ ಬಂದಳು. ಹಲಗೆ ಖಾಲಿಯಾಯಿತು.

ಎದ್ದವರು ಕೇಳಿದರು, “ಎಲ್ಲ್ ಹೋಯ್ತ್ ಅದ್?”

“ಮನೀಗ್ ಹೋಯ್ತ್,” ಎಂದೆ.

“ಹೇಳ್ದೇ ಹೋಯ್ತಾ?”

ಮತ್ತೆ ನಾಲ್ಕು ದಿನ ಇದ್ದರು. ಆ ಖಾಲಿ ಹಲಗೆಯನ್ನೇ ನೋಡಿದರು, ನನ್ನನ್ನಲ್ಲ.

ಈ ಪತ್ರ ಹೇಗಾದರೂ ಹಿಂದಕ್ಕೆ, ನಿಮ್ಮ ಕಾಲಕ್ಕೆ ತಲುಪಿದರೆ ನನ್ನದೊಂದು ಕೇಳಿಕೆ. ಅವಳನ್ನು ನೀರಿಗೆ ಅಳಿಯದ ಮಸಿಯಲ್ಲಿ ಬರೆಯಿರಿ. ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅವರು ಹೋದ ಮೇಲೂ ಅವಳೇ ಗೆದ್ದಳು ಎನಿಸುತ್ತದೆ. ಗೆಲ್ಲಲಿ. ಅವರು ಕಣ್ಣು ಬಿಟ್ಟಾಗ ಅವಳು ಅಲ್ಲಿರಲಿ.

ಮೂಕಾಂಬು